ಮಾಘ ಶುದ್ಧ ಪಂಚಮಿಗೆ ಸ್ವಾತಿ ಬಂದದ್ದು ಹೇಗೆ?

ಮನೆಯಲ್ಲಿ ಪಂಚಾಂಗ ಇದ್ದರೆ ಒಮ್ಮೆ ಕೈಗೆತ್ತಿಕೊಳ್ಳಿ. ಮಾಘ ಮಾಸದ ಪುಟ ತೆಗೆದು ಶುದ್ಧ ಪಂಚಮಿಯ ದಿನ, ಅಂದರೆ ವಸಂತ ಪಂಚಮಿಯ ದಿನ, ಯಾವ ನಕ್ಷತ್ರ ಇದೆ ನೋಡಿ. ಉತ್ತರಾಭಾದ್ರ ಇರುತ್ತದೆ, ಇಲ್ಲವೇ ರೇವತಿ. ಒಂದು ಮನೆ ಆಚೀಚೆ ಆಗಬಹುದು, ಅಷ್ಟೇ. ಹೋದ ವರ್ಷದ ಪಂಚಾಂಗ ತೆಗೆಯಿರಿ, ಅಜ್ಜನ ಕಾಲದ್ದು ಅಟ್ಟದ ಮೇಲೆ ಇದ್ದರೆ ಅದನ್ನೂ ತೆಗೆಯಿರಿ. ಆ ದಿನ ಸ್ವಾತಿ ಎಲ್ಲೂ ಸಿಗುವುದಿಲ್ಲ, ಸಿಗಲು ಸಾಧ್ಯವೂ ಇಲ್ಲ. ಆದರೂ ಒಂದು ತಾಮ್ರಪಟದಲ್ಲಿ, ಅಂದರೆ ತಾಮ್ರದ ಹಲಗೆಗಳ ಮೇಲೆ ಕೆತ್ತಿದ ದಾನಶಾಸನದಲ್ಲಿ, ಹಾಗೆ ಬರೆದಿದೆ.

ಕಾರಣ ಸರಳ. ನಮ್ಮ ತಿಂಗಳುಗಳಿಗೆ ಹೆಸರು ಬಂದದ್ದೇ ಹುಣ್ಣಿಮೆಯ ನಕ್ಷತ್ರದಿಂದ. ಮಾಘದ ಹುಣ್ಣಿಮೆಗೆ ಚಂದ್ರ ಮಖಾ ನಕ್ಷತ್ರದ ಆಸುಪಾಸಿನಲ್ಲಿರುತ್ತಾನೆ. ಅಶ್ವಿನಿಯಿಂದ ಎಣಿಸಿದರೆ ಮಖಾ 10ನೆಯದು. ಚಂದ್ರ ಹೆಚ್ಚುಕಡಿಮೆ ದಿನಕ್ಕೊಂದು ನಕ್ಷತ್ರ ದಾಟುತ್ತಾನೆ. ಶುದ್ಧ ಪಂಚಮಿ ಹುಣ್ಣಿಮೆಗೆ ಹತ್ತು ದಿನ ಮೊದಲು. ಹತ್ತು ಮನೆ ಹಿಂದಕ್ಕೆ ಹೋದರೆ 27ನೆಯ ರೇವತಿ. ಸ್ವಾತಿಯೋ 15ನೆಯದು. ರೇವತಿಗೂ ಸ್ವಾತಿಗೂ ಹೆಚ್ಚುಕಡಿಮೆ ಅರ್ಧ ಆಕಾಶದ ಅಂತರ.

ಕೊಡಗಿನಲ್ಲಿ ಸಿಕ್ಕ, ವಿದ್ವಾಂಸರು ‘ಮರ್ಕರಾ (ಮಡಿಕೇರಿ) ತಾಮ್ರಪಟ’ ಎಂದು ಕರೆಯುವ ಆ ಶಾಸನದ ಕಾಲದ ಸಾಲು ಹೀಗಿದೆ: ಅಷ್ಟಾಶೀತಿ ಉತ್ತರಸ್ಯ ತ್ರಯೋಶತಸ್ಯ ಸಂವತ್ಸರಸ್ಯ ಮಾಘಮಾಸಂ ಸೋಮವಾರಂ ಸ್ವಾತಿ ನಕ್ಷತ್ರ ಶುದ್ಧ ಪಂಚಮಿ. ಅಂದರೆ 388ನೆಯ ವರ್ಷ, ಮಾಘ ಶುದ್ಧ ಪಂಚಮಿ, ಸೋಮವಾರ, ಸ್ವಾತಿ ನಕ್ಷತ್ರ. ಇದು ಗಂಗರ ದೊರೆ ಅವಿನೀತನ ಹೆಸರಿನ ಶಾಸನ. 388 ಯಾವ ಶಕೆಯ ವರ್ಷ ಎಂದು ಅದು ಹೇಳುವುದಿಲ್ಲ. ಶಾಲಿವಾಹನ ಶಕೆ ಎಂದು ಹಿಡಿದರೆ ಕ್ರಿ.ಶ. 466 ಆಗುತ್ತದೆ. ಶಾಸನತಜ್ಞ ಬಿ.ಎಲ್. ರೈಸ್ ಇದನ್ನು 1872ರಲ್ಲಿ ಪ್ರಕಟಿಸಿದಾಗಿನಿಂದ, ಇದು ಅಪ್ಪಟವೋ ಖೋಟಾವೋ ಎಂದು ಎದ್ದ ಜಗಳ ತಲೆಮಾರುಗಳ ಕಾಲ ನಡೆಯಿತು.

ಒಂದು ನಕ್ಷತ್ರ ತಪ್ಪಾದ ಮಾತ್ರಕ್ಕೆ ಶಾಸನ ಖೋಟಾ ಅನ್ನಲಾಗದು. ಗಮನಿಸಿ: ಹುಣ್ಣಿಮೆಯಾಗಿ ಐದು ದಿನಕ್ಕೆ, ಮಾಘ ಬಹುಳ ಪಂಚಮಿಗೆ, ಚಂದ್ರ ಬರುವುದು ಸ್ವಾತಿಯ ಹತ್ತಿರಕ್ಕೇ. ‘ಬಹುಳ’ ಎಂದು ಬರೆಯುವ ಕಡೆ ಕೈತಪ್ಪಿ ‘ಶುದ್ಧ’ ಎಂದು ಬಿದ್ದಿದೆ ಎಂದು ಯಾರಾದರೂ ವಾದಿಸಿದರೆ ಸುಮ್ಮನೆ ತಳ್ಳಿಹಾಕುವಂತಿಲ್ಲ. ನಿಜವಾದ ಕರಣಿಕನೂ ತಪ್ಪು ಬರೆಯುತ್ತಾನೆ. ಹಾಗಾಗಿ ಈ ಕೆಲಸದಲ್ಲಿ ಒಂದೇ ಸಾಕ್ಷಿಯನ್ನು ಹಿಡಿದು ತೀರ್ಪು ಕೊಡುವ ಪದ್ಧತಿ ಇಲ್ಲ. ತಪ್ಪಿಸಿಕೊಳ್ಳುವ ಬಾಗಿಲುಗಳನ್ನು ಒಂದೊಂದಾಗಿ ಮುಚ್ಚಿಕೊಂಡು ಹೋಗಬೇಕು.

ಎರಡನೆಯ ಬಾಗಿಲು ‘ಸೋಮವಾರ’. ವಾರದ ಹೆಸರು ನಮಗೆ ಎಷ್ಟು ಸಹಜ ಅಂದರೆ ಅದು ಯಾವಾಗ ಬಂತು ಎಂಬ ಪ್ರಶ್ನೆಯೇ ಹೊಳೆಯುವುದಿಲ್ಲ. ಭಾರತದ ಶಾಸನಗಳಲ್ಲಿ ವಾರವನ್ನು ಹೆಸರಿಸುವ ಅತಿ ಹಳೆಯ, ಅನುಮಾನವಿಲ್ಲದ ದಾಖಲೆ ಮಧ್ಯಪ್ರದೇಶದ ಏರಣದ್ದು. ಗುಪ್ತ ದೊರೆ ಬುಧಗುಪ್ತನ ಕಾಲ, ಕ್ರಿ.ಶ. 484, ಗುರುವಾರ. ಅದಕ್ಕೂ 18 ವರ್ಷ ಮೊದಲೇ ತಲಕಾಡಿನ ಸೀಮೆಯಲ್ಲಿ ಸೋಮವಾರ ಎಂದು ಬರೆದರೇ? ಅಸಾಧ್ಯ ಅಲ್ಲ, ಆದರೆ ಹುಬ್ಬೇರಿಸುವ ವಿಷಯ. ಆಮೇಲಿನ ಶತಮಾನಗಳಲ್ಲಿ ಬರೆದವನಿಗೆ ವಾರ ಹಾಕುವುದು ಉಸಿರಾಡಿದಷ್ಟು ಸಹಜ. ತನ್ನ ಕಾಲದ ರೂಢಿಯನ್ನೇ ಹಿಂದಿನವರ ತಲೆಗೂ ಕಟ್ಟಿಬಿಟ್ಟ.

ಮುಂದಿನ ಬಾಗಿಲಿಗೆ ಹೋಗುವ ಮೊದಲು ತಾಮ್ರಪಟ ಎಂಬ ವಸ್ತು ಹೇಗಿರುತ್ತದೆ ಎಂದು ಹೇಳಿಬಿಡಬೇಕು. ವಸ್ತುಸಂಗ್ರಹಾಲಯದ ಗಾಜಿನ ಹಿಂದೆ ಮೂರು ಹಲಗೆ ಬಿಡಿಸಿ ಇಟ್ಟಿರುವುದನ್ನಷ್ಟೇ ನೋಡಿದವರಿಗೆ ಅದರ ಜಾಣ ರಚನೆ ಗೊತ್ತಾಗುವುದಿಲ್ಲ.

ತಾಮ್ರದ ಗಟ್ಟಿಯನ್ನು ಬಡಿದು, ಒಂದು ಗೇಣಿನ ಆಸುಪಾಸಿನ ಉದ್ದದ ಹಲಗೆಗಳನ್ನು ಮಾಡುತ್ತಾರೆ. ಸಾಮಾನ್ಯವಾಗಿ ಮೂರರಿಂದ ಐದು. ಸುತ್ತಲಿನ ಅಂಚನ್ನು ತುಸು ಎತ್ತರಿಸುತ್ತಾರೆ, ಒಂದರ ಮೇಲೊಂದು ಉಜ್ಜಿದಾಗ ಅಕ್ಷರ ಸವೆಯದಿರಲಿ ಎಂದು. ಎಡಬದಿಗೆ ಒಂದು ತೂತು. ಅದರಲ್ಲಿ ದಪ್ಪನೆಯ ತಾಮ್ರದ ಬಳೆ ಪೋಣಿಸಿ, ಬಳೆಯ ಎರಡು ತುದಿಗಳನ್ನೂ ಮುದ್ರೆಯ ಬುಡಕ್ಕೆ ಬೆಸೆಯುತ್ತಾರೆ. ಮುದ್ರೆಯ ಮೇಲೆ ವಂಶದ ಲಾಂಛನ: ಗಂಗರಿಗೆ ಆನೆ, ಬಾದಾಮಿ ಚಾಲುಕ್ಯರಿಗೆ ವರಾಹ, ರಾಷ್ಟ್ರಕೂಟರಿಗೆ ಗರುಡ. ಮೊದಲ ಹಲಗೆಯ ಹೊರಮೈಯನ್ನೂ ಬಹುಪಾಲು ಕೊನೆಯ ಹಲಗೆಯ ಹೊರಮೈಯನ್ನೂ ಖಾಲಿ ಬಿಡುತ್ತಾರೆ, ಪುಸ್ತಕದ ರಟ್ಟಿನ ಹಾಗೆ. ಬರೆಯುವವನು ಮೊದಲು ಮಸಿಯಲ್ಲಿ ಬರೆದುಕೊಟ್ಟದ್ದನ್ನು ಕೆತ್ತುವವನು ಉಳಿಯಿಂದ ಕೊರೆಯುತ್ತಾನೆ. ತೆಳು ಹಲಗೆಯಾದರೆ ಅಕ್ಷರದ ಗುರುತು ಹಿಂಬದಿಗೂ ಮೂಡುತ್ತದೆ.

ಮುಖ್ಯ ಭಾಗ ಬಳೆ. ಬೆಸೆದ ಬಳೆಯನ್ನು ಕತ್ತರಿಸದೆ ಹಲಗೆ ಬದಲಾಯಿಸಲು ಬರುವುದಿಲ್ಲ. ಅದಕ್ಕೇ ಹಳೆಯ ಶಾಸನತಜ್ಞರು ಪ್ರತಿ ತಾಮ್ರಪಟದ ವಿವರಣೆಯ ಮೊದಲ ಪ್ಯಾರಾದಲ್ಲೇ ‘ನನ್ನ ಕೈಗೆ ಬಂದಾಗ ಬಳೆ ಕತ್ತರಿಸಿತ್ತು’ ಅಥವಾ ‘ಕತ್ತರಿಸಿರಲಿಲ್ಲ’ ಎಂದು ತಪ್ಪದೆ ಬರೆಯುತ್ತಾರೆ. ಓದುಗ ಅದನ್ನು ಒಣ ವಿವರ ಎಂದು ದಾಟಿಬಿಡುತ್ತಾನೆ. ಆದರೆ ಅದು ಲಕೋಟೆಯ ಅರಗಿನ ಮುದ್ರೆ ಒಡೆದಿತ್ತೇ ಇಲ್ಲವೇ ಎಂಬ ಪ್ರಶ್ನೆ. ಅಪ್ಪಟ ಮುದ್ರೆಗೆ ಹೊಸ ಹಲಗೆ ಪೋಣಿಸುವುದು ಖೋಟಾದಾರನಿಗೆ ಎಲ್ಲಕ್ಕಿಂತ ಕಡಿಮೆ ಖರ್ಚಿನ ದಾರಿ. ಇನ್ನೊಂದು ದಾರಿ ಹಳೆಯ ಹಲಗೆಯನ್ನೇ ಬಡಿದು ಸಪಾಟು ಮಾಡಿ ಮೇಲೆ ಬರೆಯುವುದು. ಆಗ ಅಡ್ಡ ಬೆಳಕು ಬಿಟ್ಟು ನೋಡಿದರೆ ಕೆಳಗಿನ ಅಕ್ಷರಗಳ ಕೊಂಬು, ದೀರ್ಘ ನೆರಳಿನ ಹಾಗೆ ಇಣುಕುತ್ತವೆ.

ಇದೆಲ್ಲ ಇವತ್ತಿನ ಕಲಾಮಾರುಕಟ್ಟೆಯ ವಂಚನೆಯಲ್ಲ. ತಾಮ್ರಪಟ ಆ ಕಾಲದ ಹಕ್ಕುಪತ್ರ. ಅದರಲ್ಲಿ ಕೊಟ್ಟವನ ವಂಶಾವಳಿ, ಪಡೆದವನ ಗೋತ್ರ, ಊರಿನ ಹೆಸರು, ನಾಲ್ಕು ದಿಕ್ಕಿನ ಚಕ್ಕುಬಂದಿ, ದಿನ, ಸಾಕ್ಷಿ ಎಲ್ಲ ಇರಬೇಕು. ಯಾಜ್ಞವಲ್ಕ್ಯ ಸ್ಮೃತಿ ಈ ನಮೂನೆಯನ್ನೇ ವಿಧಿಸುತ್ತದೆ: ಬಟ್ಟೆಯ ಮೇಲೋ ತಾಮ್ರದ ಮೇಲೋ ಬರೆಸಿ, ಸ್ವಂತ ಮುದ್ರೆ ಒತ್ತಿ, ಸಹಿ ಮತ್ತು ಕಾಲ ಹಾಕಿ ‘ಸ್ಥಿರ’ ಶಾಸನ ಮಾಡಿಸಬೇಕು. ಆ ಸ್ಮೃತಿಗೆ ಮಿತಾಕ್ಷರ ಎಂಬ ಹೆಸರಾಂತ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ಇದ್ದದ್ದು ನಮ್ಮ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ. ಅದೇ ಸ್ಮೃತಿ ಖೋಟಾ ಶಾಸನ ಮಾಡುವವನನ್ನು ಖೋಟಾ ತಕ್ಕಡಿ, ಖೋಟಾ ನಾಣ್ಯ ಮಾಡುವವನ ಜೊತೆ ಒಂದೇ ಸಾಲಿನಲ್ಲಿ ನಿಲ್ಲಿಸಿ ಅತಿ ಹೆಚ್ಚಿನ ದಂಡ ಹಾಕುತ್ತದೆ. ಮನು ಇನ್ನೂ ಕಟು, ನೇರ ಮರಣದಂಡನೆ. ಶಾಸ್ತ್ರದಲ್ಲಿ ಇದಕ್ಕೆ ಸಿದ್ಧ ಶಬ್ದವೇ ಇದೆ: ಕೂಟಶಾಸನ. ಶಬ್ದ ಇದೆ, ಶಿಕ್ಷೆ ಇದೆ ಅಂದಮೇಲೆ ಕಸುಬೂ ಇತ್ತು ಎಂದು ಬೇರೆ ಹೇಳಬೇಕಿಲ್ಲ.

ಒಂದು ಪ್ರಕರಣವಂತೂ ತಾಮ್ರದಲ್ಲೇ ದಾಖಲಾಗಿದೆ. ಉತ್ತರಪ್ರದೇಶದ ಮಧುಬನ್ ಎಂಬಲ್ಲಿ ಸಿಕ್ಕ, ಕ್ರಿ.ಶ. 631ರ ಸುಮಾರಿನ ಹರ್ಷವರ್ಧನನ ತಾಮ್ರಪಟ ಹೇಳುವುದು ಇಷ್ಟು: ಸೋಮಕುಂಡಕಾ ಎಂಬ ಊರನ್ನು ವಾಮರಥ್ಯನೆಂಬ ಬ್ರಾಹ್ಮಣ ಕೂಟಶಾಸನದ ಬಲದಿಂದ ಅನುಭವಿಸುತ್ತಿದ್ದಾನೆಂದು ವಿಚಾರಿಸಿ ತಿಳಿದು, ಆ ಶಾಸನವನ್ನು ಮುರಿದುಹಾಕಿ, ಊರನ್ನು ಬೇರೆ ಇಬ್ಬರಿಗೆ ಕೊಟ್ಟಿದ್ದೇವೆ. ಪುಲಕೇಶಿಯ ಸಮಕಾಲೀನ ಹರ್ಷನ ಕಚೇರಿಯಲ್ಲಿ ಇಂಥದ್ದೊಂದು ವಿಚಾರಣೆ ನಡೆದಿತ್ತು. ಯಾವ ಪರೀಕ್ಷೆ ಮಾಡಿ ಪತ್ತೆ ಹಚ್ಚಿದರು ಎಂಬುದನ್ನು ಮಾತ್ರ ಬರೆದಿಲ್ಲ. ಅದೊಂದು ಸಾಲು ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು.

ಮರ್ಕರಾ ಪಟಕ್ಕೆ ಮರಳೋಣ. ಮೂರನೆಯ ಬಾಗಿಲನ್ನು ಖೋಟಾದಾರ ತಾನೇ ಮುಚ್ಚಿ ಹೋಗಿದ್ದಾನೆ. ದಾನದಲ್ಲಿ ‘ಅಕಾಲವರ್ಷ ಪೃಥ್ವೀವಲ್ಲಭ’ನ ಮಂತ್ರಿಯ ಪಾತ್ರವಿದೆ ಎನ್ನುತ್ತದೆ ಶಾಸನ. ಅಕಾಲವರ್ಷ ಎಂಬುದು ರಾಷ್ಟ್ರಕೂಟ ಕೃಷ್ಣರ ಬಿರುದು. ಒಂದನೆಯ ಕೃಷ್ಣ, ಅಂದರೆ ಎಲ್ಲೋರದ ಕೈಲಾಸ ದೇವಾಲಯದ ಕೃಷ್ಣ, ಆಳಿದ್ದು ಎಂಟನೆಯ ಶತಮಾನದ ಉತ್ತರಾರ್ಧದಲ್ಲಿ. ಎರಡನೆಯ ಮತ್ತು ಮೂರನೆಯ ಕೃಷ್ಣರು ಇನ್ನೂ ಆಮೇಲಿನವರು. 466ರಲ್ಲಿ ರಾಷ್ಟ್ರಕೂಟ ಸಾಮ್ರಾಜ್ಯವೇ ಇರಲಿಲ್ಲ. ಶಾಸನವನ್ನು ಉಳಿಸಿಕೊಳ್ಳಬೇಕು ಅನ್ನುವವರು ‘ಅವನು ಬೇರೆ ಯಾರೋ ಅಕಾಲವರ್ಷ’ ಎನ್ನಬೇಕಾಗುತ್ತದೆ. ಅಂಥವನೊಬ್ಬ ಇದ್ದ ಎನ್ನಲು ಈ ಹಲಗೆಯೇ ಆಧಾರ, ಹಲಗೆ ಅಪ್ಪಟ ಎನ್ನಲು ಅವನೇ ಆಧಾರ.

ನಾಲ್ಕನೆಯದು ಅಕ್ಷರ. ಇಲ್ಲಿ ಪ್ರವೇಶಿಸುವವರು ಜೆ.ಎಫ್. ಫ್ಲೀಟ್. ಮುಂಬಯಿ ಪ್ರಾಂತದ ಅಧಿಕಾರಿ, ನಮ್ಮ ಧಾರವಾಡ, ಬಿಜಾಪುರ, ಬೆಳಗಾವಿ ಸೀಮೆಯ ಶಾಸನಗಳನ್ನು ಅರೆದು ಕುಡಿದವರು. ಅವರ ಪರೀಕ್ಷೆ ತುಂಬ ಸರಳ: ಇಡೀ ವರ್ಣಮಾಲೆ ನೋಡಬೇಡಿ, ಕೆಲವೇ ಅಕ್ಷರ ನೋಡಿ, ಮುಖ್ಯವಾಗಿ ಖ ಮತ್ತು ಬ. ಹಳೆಯ ಬ ಚೌಕಾಕಾರ, ಮೇಲೆ ಮುಚ್ಚಿರುತ್ತದೆ. ಆಮೇಲಿನ ದುಂಡಗಿನ ಬ ಮೇಲೆ ಬಾಯಿ ತೆರೆದುಕೊಂಡಿರುತ್ತದೆ, ಇವತ್ತು ನೀವು ಬರೆಯುವ ಬ ಹಾಗೆ. ಈ ಬದಲಾವಣೆ ಕ್ರಿ.ಶ. 800ರ ಸುಮಾರಿಗೆ ನೆಲೆಗೊಂಡಿತು. ಆರನೆಯ ಶತಮಾನದ್ದೆಂದು ಹೇಳಿಕೊಳ್ಳುವ ಹಲಗೆಯಲ್ಲಿ ಬಾಯಿ ತೆರೆದ ಒಂದೇ ಒಂದು ಬ ಸಿಕ್ಕರೂ ಲೇಖಕ ಸಿಕ್ಕಿಬಿದ್ದ ಹಾಗೆ.

ಯಾಕೆ ಸಿಕ್ಕಿಬೀಳುತ್ತಾನೆ ಎಂಬುದನ್ನು ಕೈಯಾರೆ ಮಾಡಿ ನೋಡಬಹುದು. ಹಲ್ಮಿಡಿ ಶಾಸನದ ಅಕ್ಷರಗಳ ಚಿತ್ರ ಎದುರಿಗಿಟ್ಟುಕೊಂಡು ಆ ಲಿಪಿಯಲ್ಲಿ ಇಪ್ಪತ್ತು ಸಾಲು ಬರೆಯಿರಿ. ಮೊದಲ ಐದು ಸಾಲು ಚೆನ್ನಾಗಿ ಬರುತ್ತವೆ, ಏಕೆಂದರೆ ಅಕ್ಷರ ಅಕ್ಷರಕ್ಕೂ ಮಾದರಿ ನೋಡುತ್ತಿರುತ್ತೀರಿ. ಹತ್ತನೆಯ ಸಾಲಿಗೆ ಕೈ ಬೇಸರಪಡುತ್ತದೆ. ಹದಿನೈದನೆಯದರಲ್ಲಿ ಎಲ್ಲೋ ಒಂದು ಕಡೆ ನಿಮ್ಮದೇ ಬ ಜಾರಿ ಬರುತ್ತದೆ. ಆದ್ದರಿಂದ ಖೋಟಾ ಹಲಗೆಯನ್ನು ಮೊದಲಿನಿಂದ ಓದಬಾರದು. ಮೊದಲ ಪುಟ ವಂಶಾವಳಿ, ಅದನ್ನು ಅಪ್ಪಟ ಹಲಗೆಯಿಂದ ಎದುರಿಗಿಟ್ಟುಕೊಂಡೇ ನಕಲು ಮಾಡಿರುತ್ತಾನೆ. ಮಾದರಿ ಇಲ್ಲದೆ ಸ್ವಂತ ಬರೆಯಬೇಕಾದದ್ದು ಊರಿನ ಹೆಸರು, ಎಲ್ಲೆ, ಪಡೆದವನ ಹೆಸರು, ದಿನಾಂಕ. ಅಲ್ಲಿಂದ ಓದಲು ಶುರುಮಾಡಬೇಕು.

ಹಾಗಾದರೆ ಮರ್ಕರಾ ಪಟವನ್ನು ಯಾಕಾಗಿ ಮಾಡಿದರು? ದಾನದ ವಿಷಯ ತಲವನನಗರದ, ಅಂದರೆ ತಲಕಾಡಿನ, ಶ್ರೀವಿಜಯ ಜಿನಾಲಯ. ದಾನವಾದ ಊರು ಬದಣೆಗುಪ್ಪೆ, ಇವತ್ತಿನ ಚಾಮರಾಜನಗರದ ಪಕ್ಕದ ಬದನಗುಪ್ಪೆ. ಪಡೆದವನು ಕೊಂಡಕುಂದಾನ್ವಯ ಎಂಬ ಜೈನ ಗುರುಪರಂಪರೆಯ ವಂದನಂದಿ ಭಟಾರ. ಈಗ ಇನ್ನೊಂದು ತಾಮ್ರಪಟ ನೋಡಿ. ಕ್ರಿ.ಶ. 808ರ ಸುಮಾರಿನದು, ರಾಷ್ಟ್ರಕೂಟರ ಪರವಾಗಿ ಗಂಗವಾಡಿಯನ್ನು ಆಳುತ್ತಿದ್ದ ರಣಾವಲೋಕ ಕಂಬರಾಜನದು. ಅದೇ ಬದನಗುಪ್ಪೆಯನ್ನು ಅದೇ ತಲಕಾಡಿನ ಅದೇ ಶ್ರೀವಿಜಯ ಬಸದಿಗೆ, ಅದೇ ಅನ್ವಯದ ವರ್ಧಮಾನ ಗುರುವಿಗೆ ಕೊಟ್ಟ ದಾಖಲೆ. ಊರು ಅದೇ, ಬಸದಿ ಅದೇ, ಗುರುಪರಂಪರೆ ಅದೇ, ನಡುವೆ ಮುನ್ನೂರ ನಲವತ್ತು ವರ್ಷ. ರಾಷ್ಟ್ರಕೂಟರ ಆಳ್ವಿಕೆ ಕಳೆಗುಂದಿ ಗಂಗವಾಡಿಯಲ್ಲಿ ಯಜಮಾನಿಕೆ ಬದಲಾದಾಗ, ‘ಇದು ರಾಷ್ಟ್ರಕೂಟರು ಕೊಟ್ಟದ್ದಲ್ಲ, ನಿಮ್ಮ ಪೂರ್ವಿಕ ಅವಿನೀತನೇ ಕೊಟ್ಟದ್ದು’ ಎಂದು ತೋರಿಸಬೇಕಾದ ಗಳಿಗೆ ಬಂದಿರಬೇಕು ಎಂದು ನನಗೆ ಅನ್ನಿಸುತ್ತದೆ. ಬಸದಿಗೆ ಊರಿನ ಮೇಲೆ ಹಕ್ಕೇ ಇರಲಿಲ್ಲ ಎಂದಲ್ಲ. ಇದ್ದ ಹಕ್ಕಿಗೆ ಇನ್ನೂ ಹಳೆಯ ಬೇರು ಬೇಕಿತ್ತು.

ಇಲ್ಲಿಯೇ ‘ಖೋಟಾ’ ಎಂಬ ಮಾತು ಸ್ವಲ್ಪ ಅಲುಗಾಡುತ್ತದೆ. ಮೂಲ ಹಲಗೆ ಬೆಂಕಿಗೆ ಬಿದ್ದಿರಬಹುದು, ಕಳುವಾಗಿರಬಹುದು. ನೆನಪಿನಿಂದ ಮತ್ತೆ ಬರೆಸಿದ್ದು ಪ್ರತಿಯೋ ಕೂಟವೋ? ಗದಗ ಜಿಲ್ಲೆಯ ಲಕ್ಷ್ಮೇಶ್ವರದಲ್ಲಿ ಚಾಲುಕ್ಯ ದೊರೆಗಳ ದಾನಗಳನ್ನು ನೂರಾರು ವರ್ಷಗಳ ಆಮೇಲೆ, ಗಂಗ ಮಾರಸಿಂಹನ ದಾನದ ಜೊತೆಗೆ, ಕಲ್ಲಿಗೆ ಇಳಿಸಿದ್ದಾರೆ. ಎಲ್ಲವೂ ಒಂದೇ ಕಾಲದ ಅಕ್ಷರ. ಅದರಲ್ಲಿ ಎಷ್ಟು ಹಳೆಯ ಪತ್ರದ ನಿಷ್ಠ ಪ್ರತಿ, ಎಷ್ಟು ಆಮೇಲೆ ಸೇರಿಸಿದ್ದು ಎಂದು ಬಿಡಿಸುವುದು ಹಾಲು ನೀರು ಬೇರೆ ಮಾಡಿದ ಹಾಗೆ. ಆದರೆ ಕಳೆದುಹೋದದ್ದನ್ನು ಮತ್ತೆ ಬರೆಸಿದೆವು ಎಂದು ಒಂದು ಸಾಲು ಬರೆಯದೆ, ಹಳೆಯ ದಿನಾಂಕವನ್ನೇ ಹೊಸ ಹಲಗೆಗೆ ಹೊದಿಸಿದರೆ ನನ್ನ ಮಟ್ಟಿಗೆ ಅದು ಕೂಟವೇ. ಪರಿಣಾಮವೂ ಸಣ್ಣದಲ್ಲ. ಕೊಂಡಕುಂದಾನ್ವಯಕ್ಕೆ ಹೆಸರು ಕೊಟ್ಟ ಜೈನ ಆಚಾರ್ಯ ಕುಂದಕುಂದರ ಕಾಲ ನಿರ್ಣಯಿಸಲು ಈ ಮರ್ಕರಾ ಪಟದ 388ನ್ನೇ ನೆಚ್ಚಿಕೊಂಡವರಿದ್ದಾರೆ. ತಳಪಾಯದ ಒಂದು ಕಲ್ಲು ಟೊಳ್ಳು, ಮೇಲೆ ಗೋಡೆ ಎದ್ದಾಗಿದೆ.

ಇದು ಗಂಭೀರ ಪ್ರಕರಣವಾಯಿತು. ಈಗ ನಗು ತರಿಸುವ ಪ್ರಕರಣ.

ಶಿವಮೊಗ್ಗ ಸೀಮೆಯ ಗೌಜ ಅಗ್ರಹಾರ, ಬೇಗೂರು, ಕುಪ್ಪಗದ್ದೆ ಈ ಮೂರು ಕಡೆ ಸಿಕ್ಕ ತಾಮ್ರಪಟಗಳಲ್ಲಿ ದಾನ ಕೊಟ್ಟವನು ಸಾಕ್ಷಾತ್ ಜನಮೇಜಯ. ಪರೀಕ್ಷಿತನ ಮಗ, ಪಾಂಡವರ ಮರಿಮಗ. ಹಸ್ತಿನಾವತಿಯಿಂದ ದಕ್ಷಿಣಕ್ಕೆ ದಿಗ್ವಿಜಯಕ್ಕೆ ಬಂದ ಚಕ್ರವರ್ತಿ ತುಂಗಭದ್ರಾ ಹರಿದ್ರಾ ಸಂಗಮದಲ್ಲಿ, ಹರಿಹರ ದೇವರ ಸನ್ನಿಧಿಯಲ್ಲಿ ಬೀಡುಬಿಟ್ಟು, ಸರ್ಪಯಾಗ ಮಾಡಿ, ಬ್ರಾಹ್ಮಣರಿಗೆ ಊರುಗಳನ್ನು ಕೊಟ್ಟನಂತೆ. ಗೌಜದ ಹಲಗೆಗಳನ್ನು ಕರ್ನಲ್ ಮೆಕೆಂಜಿ ಮೈಸೂರಿನ ಸರ್ವೆಯ ಕಾಲದಲ್ಲಿ ಸಂಸ್ಕೃತ ವಿದ್ವಾಂಸ ಕೋಲ್‌ಬ್ರೂಕ್‌ಗೆ ಕಳಿಸಿದರು. ಕೋಲ್‌ಬ್ರೂಕ್ 1807ರಲ್ಲೇ ಅದರ ಬಗ್ಗೆ ಬರೆದರು. ಅಪ್ಪಟವೆಂದು ನಂಬಬಹುದಾಗಿದ್ದರೆ ಇದರ ಬೆಲೆ ಎಷ್ಟಾಗುತ್ತಿತ್ತು ಎಂಬ ಧಾಟಿ ಅವರದು.

ನಂಬುವುದು ಹೇಗೆ? ಜನಮೇಜಯನಿಗೆ ಹಚ್ಚಿದ ಬಿರುದುಗಳನ್ನು ಓದಿದರೆ ಸಾಕು: ಸಮಸ್ತಭುವನಾಶ್ರಯ, ಶ್ರೀಪೃಥ್ವೀವಲ್ಲಭ, ಮಹಾರಾಜಾಧಿರಾಜ, ಪರಮೇಶ್ವರ, ಪರಮಭಟ್ಟಾರಕ. ಕಲ್ಯಾಣ ಚಾಲುಕ್ಯರ ಯಾವ ಕಲ್ಲು ನೋಡಿದರೂ ಇದೇ ಸರಪಳಿ. ಧ್ವಜವೂ ಅವರದೇ, ಸುವರ್ಣವರಾಹ. ಬಳ್ಳಿಗಾವೆಯ ಸುತ್ತಮುತ್ತ ನೂರಾರು ಚಾಲುಕ್ಯ ಶಾಸನಗಳಿರುವ ಸೀಮೆಯಲ್ಲಿ ಕೂತ ಲೇಖಕನಿಗೆ ಚಕ್ರವರ್ತಿ ಎಂದರೆ ಹೀಗೆಯೇ ಇರಬೇಕು. ಅವನ ಕಣ್ಣಿಗೆ ಬಿದ್ದ ಅತಿ ದೊಡ್ಡ ರಾಜನ ಪೋಷಾಕನ್ನೇ ಜನಮೇಜಯನಿಗೂ ತೊಡಿಸಿದ. ಲಿಪಿ ನಾಗರಿ. ಕರ್ನಾಟಕದಲ್ಲಿ ಸಿಕ್ಕ ಅತಿ ಹಳೆಯ ಬರಹ ಅಶೋಕನ ಬ್ರಾಹ್ಮಿ ಎಂಬುದು ಆ ಪುಣ್ಯಾತ್ಮನಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ, ಪಾಪ.

ಚೈತ್ರ ಬಹುಳದ ಸೂರ್ಯಗ್ರಹಣದ ಪುಣ್ಯಕಾಲದಲ್ಲಿ ದಾನ ಕೊಟ್ಟದ್ದೆಂದು ಹಲಗೆ ಹೇಳುತ್ತದೆ. ಗ್ರಹಣ ಎಂದು ಬರೆದವನು ಆಕಾಶವನ್ನೇ ಸಾಕ್ಷಿಗೆ ಕರೆದ ಹಾಗೆ, ಆಕಾಶ ಆಮೇಲೆ ಪಾಟಿಸವಾಲಿಗೂ ಸಿಗುತ್ತದೆ. ಇಂಗ್ಲೆಂಡಿನ ರಾಜಖಗೋಳಜ್ಞ ಜಾರ್ಜ್ ಏರಿ ಲೆಕ್ಕ ಹಾಕಿದಾಗ ಸಿಕ್ಕ ದಿನ 1521ರ ಏಪ್ರಿಲ್ 7, ಭಾನುವಾರ. ಅದು ಚೈತ್ರದ ಅಮಾವಾಸ್ಯೆಯೇ. ಹಂಪಿಯ ಸಿಂಹಾಸನದಲ್ಲಿ ಆಗ ಕೃಷ್ಣದೇವರಾಯ. ಹಲಗೆ ಮಾಡಿದವನು ತಾನು ಕಣ್ಣಾರೆ ಕಂಡ ಗ್ರಹಣವನ್ನೇ ದ್ವಾಪರದ ಕೊನೆಗೆ ಅಂಟಿಸಿದ ಎಂದಾಯಿತು.

ತೀರ್ಥಹಳ್ಳಿ ಸೀಮೆಯ ಇನ್ನೊಂದು ಜನಮೇಜಯ ಶಾಸನ ಇದಕ್ಕಿಂತ ಜಾಣತನದ್ದು. ಅದರಲ್ಲಿ ವರ್ಷವೇ ಇದೆ: ಯುಧಿಷ್ಠಿರ ಶಕ 89, ಪ್ಲವಂಗ ಸಂವತ್ಸರ. ಸಂವತ್ಸರ ಪರೀಕ್ಷೆ ಮನೆಯಲ್ಲೇ ಮಾಡುವಂಥದ್ದು. ಗತಶಕ ವರ್ಷಕ್ಕೆ, ಅಂದರೆ ಕಳೆದ ಶಕವರ್ಷಗಳ ಸಂಖ್ಯೆಗೆ, 12 ಕೂಡಿಸಿ 60ರಿಂದ ಭಾಗಿಸಿ, ಉಳಿದ ಶೇಷವನ್ನು ಪ್ರಭವದಿಂದ ಎಣಿಸಿ. ಶಕ 1947ಕ್ಕೆ 12 ಸೇರಿದರೆ 1959, ಶೇಷ 39, ಅದು ವಿಶ್ವಾವಸು. 2025ರ ಯುಗಾದಿಯಂದು ಬಂದದ್ದು ಅದೇ. ಕಲಿವರ್ಷವಾದರೆ 12ರ ಬದಲು 13. ಯುಧಿಷ್ಠಿರ ಶಕವನ್ನು ಕಲಿಯ ಆರಂಭದಿಂದ ಎಣಿಸಿ, 89 ನಡೆಯುವ ವರ್ಷ ಎಂದು ಹಿಡಿದರೆ ಕಳೆದದ್ದು 88. 88ಕ್ಕೆ 13 ಸೇರಿಸಿದರೆ 101, ಶೇಷ 41, ನಲವತ್ತೊಂದನೆಯದು ಪ್ಲವಂಗ. ತಾಳೆಯಾಗುತ್ತದೆ!

ಇಲ್ಲಿ ಮೋಸ ಹೋಗುವವರು ಹೆಚ್ಚು. ಲೆಕ್ಕ ಸರಿ ಬಂತು, ಆದ್ದರಿಂದ ಶಾಸನ ನಿಜ ಎಂದುಬಿಡುತ್ತಾರೆ. ಸಂವತ್ಸರ ಚಕ್ರ ಹುಟ್ಟಿದ್ದು ಗುರುಗ್ರಹದ ಚಲನೆಯಿಂದ. ಗುರು ಒಂದು ರಾಶಿ ದಾಟಲು ಒಂದು ವರ್ಷಕ್ಕಿಂತ ಸ್ವಲ್ಪ ಕಡಿಮೆ ಸಾಕು. ಆದ್ದರಿಂದ ಸುಮಾರು 85 ವರ್ಷಕ್ಕೊಮ್ಮೆ ಒಂದು ಸಂವತ್ಸರವನ್ನು ಬಿಟ್ಟು ಎಣಿಸಬೇಕು. ಉತ್ತರದಲ್ಲಿ ಹಾಗೆ ಬಿಡುತ್ತ ಬಂದರು. ದಕ್ಷಿಣದಲ್ಲಿ ಕ್ರಿ.ಶ. 905ರ ಸುಮಾರಿನಿಂದ ಬಿಡುವುದನ್ನೇ ನಿಲ್ಲಿಸಿ ಸುಮ್ಮನೆ ವರ್ಷಕ್ಕೊಂದು ಹೆಸರು ಎಣಿಸತೊಡಗಿದೆವು. ಪ್ಲವಂಗ ಸಿಗುವುದು ಈ ದಕ್ಷಿಣದ ಸಪಾಟು ಎಣಿಕೆಯಲ್ಲಿ ಹಿಂದಕ್ಕೆ ಹೋದಾಗ ಮಾತ್ರ. ಅಂದರೆ ಲೆಕ್ಕ ಹಾಕಿದವನು ಹತ್ತನೆಯ ಶತಮಾನದ ಆಮೇಲಿನ ದಕ್ಷಿಣದವನು. ಲೆಕ್ಕದಲ್ಲಿ ತಪ್ಪಿದ್ದರೆ ಅನುಮಾನದ ಲಾಭ ಸಿಗುತ್ತಿತ್ತೋ ಏನೋ. ಸರಿಯಾಗಿ ಲೆಕ್ಕ ಹಾಕಿದ್ದೇ ಅವನ ಊರು, ಕಾಲ ಎರಡನ್ನೂ ಹೇಳಿಬಿಟ್ಟಿತು. ಇನ್ನು ಮಹಾಭಾರತ ಯುದ್ಧದಿಂದ ವರ್ಷ ಎಣಿಸುವ ಪದ್ಧತಿ ಶಾಸನಗಳಲ್ಲಿ ಮೊದಲು ಕಾಣುವುದೇ ಕ್ರಿ.ಶ. 634ರಲ್ಲಿ, ಐಹೊಳೆಯ ರವಿಕೀರ್ತಿಯ ಶಾಸನದಲ್ಲಿ.

ಮಜವೆಂದರೆ ಈ ಹಲಗೆ ಮಾಡುವವರು ಶಾಪಶ್ಲೋಕವನ್ನೂ ಬಿಡುವುದಿಲ್ಲ. ತಾನು ಕೊಟ್ಟದ್ದಾಗಲಿ ಪರರು ಕೊಟ್ಟದ್ದಾಗಲಿ, ಭೂಮಿಯನ್ನು ಅಪಹರಿಸಿದವನು ಅರವತ್ತು ಸಾವಿರ ವರ್ಷ ಮಲದ ಹುಳುವಾಗಿ ಹುಟ್ಟುತ್ತಾನೆ ಎಂಬ ಶ್ಲೋಕ. ಅದನ್ನು ಕೂಟಶಾಸನದ ಕೊನೆಗೆ ಕೆತ್ತುವಾಗ ಉಳಿ ಹಿಡಿದ ಕೈ ನಡುಗಲಿಲ್ಲವೇ?

ಫ್ಲೀಟ್ ಈ ಹಾದಿಯಲ್ಲಿ ಬಹಳ ದೂರ ಹೋದರು. 1901ರಲ್ಲಿ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಭಾರತದ ಕೂಟಶಾಸನಗಳ ದೊಡ್ಡ ಪಟ್ಟಿಯನ್ನೇ ಕೊಟ್ಟರು. ಗಂಗರ ತಾಮ್ರಪಟಗಳು ಹೆಚ್ಚುಕಡಿಮೆ ಸಾರಾಸಗಟಾಗಿ ಅವರ ಅನುಮಾನಕ್ಕೆ ಗುರಿಯಾದವು; ಗಂಗರ ಮೊದಲ ದೊರೆಗಳ ವಂಶಾವಳಿಯೇ ಕಟ್ಟುಕತೆ ಎಂಬುದು ಅವರ ನಿಲುವು. ಬೆಂಗಳೂರಿನಲ್ಲೇ ಹುಟ್ಟಿ, ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನಸಂಗ್ರಹದ 12 ಸಂಪುಟಗಳನ್ನು ತಂದ ರೈಸ್ ಗಂಗರ ಪರ ವಕೀಲರಾದರು. ಇಬ್ಬರ ವಾದ ವರ್ಷಗಟ್ಟಲೆ ನಡೆಯಿತು. ಅದರಲ್ಲಿ ಒಂದು ತುಣುಕು ಸ್ವಾರಸ್ಯದ್ದು. ಮರ್ಕರಾ ಪಟ ಬರೆದವನು ವಿಶ್ವಕರ್ಮ. 776ರ ಶ್ರೀಪುರುಷನ ತಾಮ್ರಪಟ ಬರೆದವನು ವಿಶ್ವಕರ್ಮಾಚಾರ್ಯ. ಮುನ್ನೂರು ವರ್ಷ ಬದುಕಿದ ಈ ಲೇಖಕ ಯಾರು ಎಂದು ಕೇಳಿದರೆ ಇಂಗ್ಲಿಷ್ ಕಿವಿಗೆ ಅದು ಗೆದ್ದ ವಾದ. ನಮ್ಮಲ್ಲಿ ಅದು ಕುಲದ ಹೆಸರು, ಕಸುಬಿನ ಹೆಸರು, ದೇವಶಿಲ್ಪಿಯ ಹೆಸರು. ಊರಿಗೊಬ್ಬ ವಿಶ್ವಕರ್ಮ ಇದ್ದೇ ಇರುತ್ತಾನೆ. ಅದೊಂದು ಸಾಕ್ಷಿಯಲ್ಲಿ ಮುಗ್ಗರಿಸಿದ್ದು ಪರೀಕ್ಷಕನೇ.

ಆಮೇಲೆ ಪೆನುಕೊಂಡೆಯಲ್ಲಿ, ಈಗಿನ ಆಂಧ್ರದಲ್ಲಿ, ಗಂಗ ಮಾಧವನ ಒಂದು ತಾಮ್ರಪಟ ಸಿಕ್ಕಿತು. ಅಕ್ಷರ ಹಳೆಯದು, ವಂಶಾವಳಿ ಚಿಕ್ಕದು, ಚೊಕ್ಕ. 1915ರಲ್ಲಿ ಫ್ಲೀಟ್ ಅವರೇ ಇದು ಅಪ್ಪಟ, ಕಾಲ ಕ್ರಿ.ಶ. 475ರ ಸುಮಾರು ಎಂದು ಒಪ್ಪಿದರು. ಗಂಗರ ಮೊದಲ ದೊರೆಗಳು ಕಟ್ಟುಕತೆಯಲ್ಲ ಎಂದಾಯಿತು. ಅದರಿಂದ ಮರ್ಕರಾ ಪಟಕ್ಕೆ ಏನೂ ಲಾಭವಾಗಲಿಲ್ಲ. ಅಲ್ಲಿನ ಸ್ವಾತಿ, ಸೋಮವಾರ, ಅಕಾಲವರ್ಷ ಹಾಗೇ ಉಳಿದವು.

ಹಳೆಯ ಮನೆಗಳಲ್ಲಿ, ಮಠ ದೇವಸ್ಥಾನಗಳ ಪೆಟ್ಟಿಗೆಗಳಲ್ಲಿ ಇಂಥ ಹಲಗೆಗಳು ಇವತ್ತಿಗೂ ಸಿಗುತ್ತವೆ. ಸಿಕ್ಕ ಕೂಡಲೇ ಎಲ್ಲರೂ ಮಾಡುವ ತಪ್ಪು, ಹುಣಸೆಹಣ್ಣು ಹಾಕಿ ಪೂಜೆಯ ಚೊಂಬಿನ ಹಾಗೆ ತಿಕ್ಕುವುದು. ಹುಳಿಗೆ ಹೋಗುವುದು ಹಸಿರು ಕಿಲುಬಷ್ಟೇ ಅಲ್ಲ, ಸಾಕ್ಷಿಯೂ ಹೋಗುತ್ತದೆ. ಕೊರೆದ ಗೆರೆಯೊಳಗೆ ಕೂತ ಕಿಲುಬು ಗೆರೆ ಎಷ್ಟು ಹಳೆಯದು ಎಂಬುದಕ್ಕೆ ಸಾಕ್ಷಿ. ಹಲಗೆ ಹಳೆಯದಾಗಿ ಅಕ್ಷರ ಹೊಸದಾಗಿದ್ದರೆ ವ್ಯತ್ಯಾಸ ತೋರುವುದು ಅಲ್ಲೇ. ತಿಕ್ಕಿದ ಮೇಲೆ ಎಲ್ಲ ಒಂದೇ ಹೊಳಪು. ಎರಡನೆಯ ತಪ್ಪು, ಒಳಪುಟ ಓದುವ ಆತುರಕ್ಕೆ ಬಳೆಗೆ ಗರಗಸ ಇಡುವುದು. ಬಳೆ ಸಡಿಲವಾಗಿದ್ದರೆ ಹಲಗೆಗಳನ್ನು ಬೀಸಣಿಗೆಯ ಹಾಗೆ ಬಿಡಿಸಿಯೇ ಫೋಟೊ ತೆಗೆಯಬಹುದು. ಕೋಣೆ ಕತ್ತಲೆ ಮಾಡಿ, ಒಂದು ಟಾರ್ಚನ್ನು ಹಲಗೆಯ ಮಟ್ಟಕ್ಕೇ ಮಲಗಿಸಿ ಎಡದಿಂದ ಒಂದು, ಮೇಲಿನಿಂದ ಒಂದು ಚಿತ್ರ ತೆಗೆಯಿರಿ. ಖಾಲಿ ಹೊರಮೈಗಳನ್ನೂ ಬಿಡಬೇಡಿ. ಬೆಸುಗೆಯ ಜಾಗಕ್ಕೆ ಪ್ರತ್ಯೇಕ ಚಿತ್ರ. ಪಕ್ಕದಲ್ಲಿ ಒಂದು ಸ್ಕೇಲು. ಕೇಂದ್ರ ಪುರಾತತ್ವ ಇಲಾಖೆಯ ಶಾಸನ ವಿಭಾಗದ ಮುಖ್ಯ ಕಚೇರಿ ಮೈಸೂರಿನಲ್ಲೇ ಇದೆ. ಅಲ್ಲಿಗೆ ಒಯ್ಯುವಾಗ ಹಲಗೆಗಳ ನಡುವೆ ತೆಳು ಬಟ್ಟೆ ಇಡಿ. ಮಣ್ಣು ಅಂಟಿದ್ದರೆ ಅಂಟಿಕೊಂಡೇ ಇರಲಿ.